ಟವೆಲ್ಲಿನ ತೂಕ ಕಳೆದು

ಮಾರ್ಚ್ 4

ಗುಂಜಿ,

ಮೂರು ವಾರದಿಂದ ದಿನಾ ಕಾಗದ ಎದುರಿಗಿಟ್ಟುಕೊಂಡು ಕೂರುತ್ತಿದ್ದೇನೆ. ಬೈಗುಳ ಬಿಟ್ಟು ಬೇರೇನೂ ಬರಲಿಲ್ಲ, ಹರಿದು ಹಾಕಿದೆ. ಇವತ್ತು ಬೈಯುವುದಿಲ್ಲ. ಬೈದರೆ ಎದುರಿಗೆ ಕೂರಿಸಿಕೊಂಡು ಬೈಯಬೇಕು, ಕಾಗದದ ಬೈಗುಳಕ್ಕೆ ಉಪ್ಪಿಲ್ಲ, ಖಾರವಿಲ್ಲ. ಅಂಚೆಗೆ ಹಾಕಿದರೆ ಜೈಲಿನವರು ಒಡೆದು ಓದುತ್ತಾರಂತೆ. ಅದಕ್ಕೇ ಇದನ್ನು ವಕೀಲಮ್ಮನ ಫೈಲಿನಲ್ಲಿಟ್ಟು ಕಳಿಸುತ್ತಿದ್ದೇನೆ. ನೀನೂ ಅವರ ಕೈಯಲ್ಲೇ ಕೊಡು.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಮಗಳು ಅರೆಗುಂಜಿ ಆರಾಮಾಗಿದ್ದಾಳೆ. ಮೊದಲ ನಾಲ್ಕು ದಿನ ಸೀಸೆ ಬಾಯಿಗಿಟ್ಟರೆ ಮುಖ ತಿರುಗಿಸಿ ಅತ್ತಳು. ಈಗ ಕುಡಿಯುತ್ತಾಳೆ. ಭಾನುವಾರ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ಟವೆಲ್ ಹಾಸಿ ಕೂರಿಸಿದೆ. ಏಳು ಕಿಲೋ ಐನೂರ ಹತ್ತು, ಟವೆಲ್ಲಿನ ತೂಕ ಕಳೆದು. ನೀನಿದ್ದಾಗ ಏಳು ಆರುನೂರ ನಲವತ್ತಿತ್ತು. ಇಳಿದಿದ್ದಾಳೆ, ಮುಚ್ಚಿಟ್ಟು ಏನು ಮಾಡಲಿ. ಏರಿಸುತ್ತೇನೆ.

ವಕೀಲಮ್ಮ ನನ್ನನ್ನು ಕೂರಿಸಿಕೊಂಡು ಕಾಯ್ದೆ ಬಿಡಿಸಿ ಹೇಳಿದರು. "ನೋಡಿ ಯಜಮಾನ್ರೆ, ಬೇರೆ ಕೇಸಾಗಿದ್ರೆ ಇಷ್ಟೊತ್ತಿಗೆ ಜಾಮೀನು ಸಿಕ್ಕಿರೋದು. ಮಾದಕ ವಸ್ತು ಕೇಸು ಹಾಗಲ್ಲ. ಈ ಪುಡಿ ಒಂದು ಕಿಲೋ ಒಳಗಿದ್ರೆ ಒಂದು ದಾರಿ, ದಾಟಿದ್ರೆ ಇನ್ನೊಂದು. ದಾಟಿದ್ರೆ, ಈಕೆ ತಪ್ಪು ಮಾಡಿಲ್ಲ ಅಂತ ವಿಚಾರಣೆಗೆ ಮುಂಚೇನೇ ಜಡ್ಜಿಗೆ ನಂಬಿಕೆ ಬರಬೇಕು. ಬರದಿದ್ರೆ ಜಾಮೀನಿಲ್ಲ." ನಿನ್ನ ವ್ಯಾನಿನಲ್ಲಿ ಸಿಕ್ಕ ಪೊಟ್ಟಣ ಒಂದು ಕಿಲೋ ಹದಿನೆಂಟು ಗ್ರಾಂ ಅಂತೆ. ನಲವತ್ತು ವರ್ಷ ಊರಿನ ತಕ್ಕಡಿಗಳನ್ನು ರಿಪೇರಿ ಮಾಡಿ ಮುದ್ರೆ ಒತ್ತಿದವನ ಮಗಳಿಗೆ ಹದಿನೆಂಟು ಗ್ರಾಂ ಅಡ್ಡ ಬರಬೇಕೇ.

ಒಂದೇ ಪ್ರಶ್ನೆ ಕೇಳುತ್ತೇನೆ. ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತಿತ್ತೇ? ಹೌದು ಅಥವಾ ಇಲ್ಲ ಅಂತ ಬರೆ.

ನಿನ್ನ ಅಪ್ಪ

ಮಾರ್ಚ್ 19

ಅಪ್ಪಾ,

ಇಲ್ಲ.

ಲಾಂಡ್ರಿಯ ಬಟ್ಟೆ ಹೊತ್ತು ದಿನಕ್ಕೆ ಹನ್ನೊಂದು ಕಡೆ ಹೋಗುವವಳು ನಾನು. ಆಸ್ಪತ್ರೆಯ ಹೊದಿಕೆ, ಲಾಡ್ಜಿನ ದಿಂಬಿನ ಚೀಲ. ಪರಿಚಯದವರೊಬ್ಬರು ದಾರಿಯಲ್ಲಿ ಇದನ್ನೂ ಕೊಟ್ಟುಬಿಡು ಅಂದರು, ಹೊದಿಕೆಗಳ ನಡುವೆ ಇಟ್ಟುಕೊಂಡೆ. ಸೇತುವೆ ಹತ್ತಿರ ಪೊಲೀಸರು ನಿಲ್ಲಿಸಿದರು. ಅಷ್ಟೇ ಕತೆ.

ಇಲ್ಲಿ ಒಂದು ಉದ್ದನೆಯ ಕೋಣೆ, ಇಪ್ಪತ್ತೆರಡು ಹೆಂಗಸರು, ಎರಡು ನಲ್ಲಿ. ಒಂದರಲ್ಲಿ ನೀರು ಬರುತ್ತದೆ, ಇನ್ನೊಂದು ಅಲಂಕಾರಕ್ಕೆ. ಮೊದಲ ವಾರ ಎದೆ ಹಾಲು ಕಟ್ಟಿ ಜ್ವರ ಬಂತು. ಪಕ್ಕದ ಚಾಪೆಯ ಅಕ್ಕ ಬಿಸಿನೀರಿನ ಬಟ್ಟೆ ಇಟ್ಟು ನೋಡಿಕೊಂಡಳು. ಹೊರಗಿದ್ದಾಗ ಹೊಲಿಗೆ ಕೆಲಸ ಮಾಡುತ್ತಿದ್ದಳಂತೆ, ಎಲ್ಲರೂ ಹೊಲಿಗೆ ಅಕ್ಕ ಅನ್ನುತ್ತೇವೆ. ಆಕೆಯನ್ನೂ ಹಿಡಿದದ್ದು ಅದೇ ಸೇತುವೆ ಠಾಣೆಯವರು. ಏಳು ತಿಂಗಳಾಗಿದೆ, ಮೂರು ಮಕ್ಕಳು ಯಾರ ಯಾರದೋ ಮನೆಯಲ್ಲಿ. ಅವಳಿಗೆ ಓದು ಬರುವುದಿಲ್ಲ, ಪತ್ರವೂ ಬರುವುದಿಲ್ಲ. ನಿನ್ನ ಪತ್ರವನ್ನೇ ಎರಡು ಸಲ ಓದಿಸಿಕೊಂಡಳು. ಟವೆಲ್ಲಿನ ತೂಕ ಕಳೆದು ಅಂತ ಬಂದಾಗ ಬಿದ್ದು ಬಿದ್ದು ನಕ್ಕಳು. "ನಿಮ್ಮಪ್ಪ ಮಗೂನ ತೂಗ್ತಾರಾ, ಚಿನ್ನ ತೂಗ್ತಾರಾ?" ಅಂದಳು. ಹುಟ್ಟಿದಾಗ ಗುಲಗಂಜಿಯಷ್ಟಿದ್ದೆ ಅಂತ ನನಗೆ ಗುಂಜಿ ಅಂತ ಹೆಸರಿಟ್ಟದ್ದು, ನನ್ನ ಮಗಳು ಅದಕ್ಕೂ ಅರ್ಧ ಅಂತ ಅರೆಗುಂಜಿ ಆದದ್ದು, ಎಲ್ಲ ಹೇಳಿದ್ದೇನೆ.

ಎಳೆಮಕ್ಕಳನ್ನು ಇಲ್ಲಿ ಜೊತೆಗಿಟ್ಟುಕೊಳ್ಳಬಹುದು. ಆರು ಮಕ್ಕಳಿವೆ, ಆರೂ ಕೆಮ್ಮುತ್ತವೆ. ಬೇಡ. ನಿನ್ನ ಹತ್ತಿರವೇ ಇರಲಿ. ಭಾನುವಾರದ ತೂಕ ಮಾತ್ರ ತಪ್ಪದೆ ಬರೆ.

ಗುಂಜಿ

ಏಪ್ರಿಲ್ 22

ಗುಂಜಿ,

ವಕೀಲಮ್ಮ ಹೇಳಿರಬೇಕು. ಜಾಮೀನು ಆಗಲಿಲ್ಲ.

ನಾನು ಹಿಂದಿನ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ನಮ್ಮದಕ್ಕಿಂತ ಮೊದಲು ಹದಿನಾಲ್ಕು ಕೇಸು. ನಮ್ಮದಕ್ಕೆ ಹಿಡಿದದ್ದು ಒಂಬತ್ತು ನಿಮಿಷ. ಜಡ್ಜ್ ಕೆಟ್ಟವರಲ್ಲ, ಮಗುವಿನ ಕಡೆ ಒಮ್ಮೆ ನೋಡಿದರು. ಆಮೇಲೆ ಕಾಗದ ನೋಡಿ ಹೇಳಿದರು, "ತೂಕ ಮಿತಿ ದಾಟಿದೆ. ಪೊಟ್ಟಣ ಈಕೆಯ ವ್ಯಾನಿನಲ್ಲೇ ಸಿಕ್ಕಿದೆ. ಕೊಟ್ಟವರ ಹೆಸರನ್ನೂ ಹೇಳ್ತಿಲ್ಲ. ನಿರ್ದೋಷಿ ಅಂತ ನಾನು ಯಾವ ಆಧಾರದ ಮೇಲೆ ನಂಬಲಿ?" ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಹೊರಗೆ ಬಂದ ಮೇಲೆ ವಕೀಲಮ್ಮನ ಮೇಜಿನ ಮೇಲಿದ್ದ ಜಪ್ತಿಯ ಕಾಗದಗಳನ್ನು ನೋಡಿದೆ. ಪೊಟ್ಟಣ ತೂಗಿದ್ದು ಸೇತುವೆ ಠಾಣೆಯ ತಕ್ಕಡಿಯಲ್ಲಿ.

ಮಗುವಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಕೆಲಸವಿದೆ, ನಿಲ್ಲಿಸುತ್ತೇನೆ.

ಅಪ್ಪ

ಜೂನ್ 12

ಅಪ್ಪಾ,

ಎರಡು ತಿಂಗಳಾಗುತ್ತಾ ಬಂತು, ನಿನ್ನಿಂದ ಒಂದು ಸಾಲಿಲ್ಲ. ಹಿಂದಿನ ಪತ್ರದಲ್ಲಿ ಹಲ್ಲಿನ ಸುದ್ದಿ ಇತ್ತು, ತೂಕ ಇರಲಿಲ್ಲ. ಹೊಲಿಗೆ ಅಕ್ಕ ಆಗಲೇ ಅಂದಳು, "ನಿಮ್ಮಪ್ಪ ತೂಕ ಬರೀದೆ ಬಿಟ್ಟಿದ್ದಾರೆ ಅಂದ್ರೆ ಏನೋ ಆಗಿದೆ ಕಣೇ."

ಏನಾಗಿದೆ ಅಂತ ನಿನ್ನೆ ಗೊತ್ತಾಯಿತು. ವಕೀಲಮ್ಮ ಕೇಸಿನ ಕಾಗದಗಳ ಒಂದು ಪ್ರತಿ ನನಗೂ ಕೊಟ್ಟರು. ಜಪ್ತಿಯ ಹಾಳೆಯ ಹಿಂದೆ ತಕ್ಕಡಿಯ ಕಾರ್ಡಿನ ನಕಲಿದೆ. ಸ್ಥಳದಲ್ಲೇ ಪರೀಕ್ಷಿಸಿದೆ, ತಕ್ಕಡಿ ಸರಿಯಿದೆ ಅಂತ ಬರೆದು ಕೆಳಗೆ ನಿನ್ನ ಸಹಿ. ತಾರೀಖು ಹೋದ ವರ್ಷ ಜೂನ್ ಹನ್ನೆರಡು.

ಅಪ್ಪಾ, ಆ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನೀನು ಹೆರಿಗೆ ವಾರ್ಡಿನ ಹೊರಗೆ ಕುಳಿತಿದ್ದೆ. ಎರಡು ವರ್ಷ ಮಾತು ಬಿಟ್ಟಿದ್ದವನು, ನರ್ಸ್ ಹೇಳಿ ಕಳಿಸಿದಳು ಅಂತ ಕೆಲಸದ ಏಪ್ರನ್ನಿನಲ್ಲೇ ಓಡಿ ಬಂದಿದ್ದೆ. ನೀನು ಯಾವ ಠಾಣೆಗೂ ಹೋಗಿರಲಿಲ್ಲ.

ನಾನು ಬೈಯುತ್ತಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ, ಯಾಕೆಂದರೆ ನಾನೂ ನಿನಗೆ ಸುಳ್ಳು ಬರೆದೆ. ಆ ಪೊಟ್ಟಣ ಕೊಟ್ಟವನು ಅವನೇ, ಮಗುವಿನ ಅಪ್ಪ. "ತೂಕವಿಲ್ಲದ ಮನುಷ್ಯ" ಅಂತ ನೀನು ಅಂದದ್ದಕ್ಕೆ ನಾನು ಮನೆ ಬಿಟ್ಟು ಹೋದೆನಲ್ಲ, ಅವನು. ಮಗು ಹುಟ್ಟುವ ಮೊದಲೇ ಕಾಣೆಯಾದವನು ಫೆಬ್ರವರಿಯಲ್ಲಿ ಒಂದು ದಿನ ವ್ಯಾನಿನ ಬಾಗಿಲಲ್ಲಿ ನಿಂತಿದ್ದ. "ಅರ್ಧ ಕಿಲೋ ಚಹಾಪುಡಿ, ಸೇತುವೆ ಆಚೆ ಲಾಡ್ಜಲ್ಲಿ ಕೊಟ್ಬಿಡು. ಭಾನುವಾರ ಮಗು ನೋಡೋಕೆ ಬರ್ತೀನಿ" ಅಂದ.

ಕೈಗೆ ತೆಗೆದುಕೊಂಡ ತಕ್ಷಣ ಗೊತ್ತಾಯಿತು. ನಾನು ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಸಿ ಅಂಗೈ ಮೇಲೆ ತೂಕದ ಕಲ್ಲು ಇಟ್ಟು ಎಷ್ಟು ಹೇಳು ಅನ್ನುತ್ತಿದ್ದೆಯಲ್ಲ, ಆ ಕೈ ಅಪ್ಪಾ ಇದು. ಅರ್ಧ ಕಿಲೋ ಅಲ್ಲ, ಒಂದು ಕಿಲೋ ಹತ್ತಿರ ಹತ್ತಿರ ಅಂತ ಕೈ ಹೇಳಿತು. ಅಷ್ಟು ಚಿಕ್ಕ ಪೊಟ್ಟಣದಲ್ಲಿ ಅಷ್ಟು ಭಾರ ಕೂರುವ ಚಹಾಪುಡಿ ಎಲ್ಲೂ ಇಲ್ಲ. ಇದೇನು ಅಂತ ಕೇಳಬೇಕಿತ್ತು. ಕೇಳಿದರೆ ಭಾನುವಾರ ಬರುವುದಿಲ್ಲ ಅಂತ ಸುಮ್ಮನಾದೆ. ಆಮೇಲೆ ಜಾಮೀನಿನ ಅರ್ಜಿಯಲ್ಲಿ ನನಗೇನೂ ಗೊತ್ತಿರಲಿಲ್ಲ ಅಂತ ವಕೀಲಮ್ಮ ಬರೆದರು, ಸಹಿ ಹಾಕಿದೆ. ನೀನೂ ನೋಡದೆ ಸಹಿ ಹಾಕಿದೆ, ನಾನೂ ನೋಡಿಲ್ಲ ಅಂತ ಸಹಿ ಹಾಕಿದೆ. ಅಪ್ಪನಿಗೆ ತಕ್ಕ ಮಗಳು.

ಈಗ ನನ್ನ ಮಾತು ಕೇಳು. ಈ ಕಾರ್ಡಿನ ವಿಷಯ ಯಾರಿಗೂ ಹೇಳಬೇಡ. ಹೇಳಿದರೆ ನಿನ್ನ ಲೈಸೆನ್ಸ್ ಹೋಗುತ್ತದೆ, ಅಂಗಡಿ ಮುಚ್ಚುತ್ತದೆ. ಮಗುವನ್ನು ಯಾರು ಸಾಕುತ್ತಾರೆ? ನಾನು ಹೇಗೋ ಇಲ್ಲಿ ದಿನ ನೂಕುತ್ತೇನೆ.

ಇವತ್ತಿಗೆ ಅವಳಿಗೆ ಒಂದು ವರ್ಷ. ತೂಕ ಎಷ್ಟು?

ಗುಂಜಿ

ಜೂನ್ 20

ಗುಂಜಿ,

ಎಂಟು ಕಿಲೋ ಇನ್ನೂರ ಎಂಬತ್ತು, ಟವೆಲ್ಲಿನ ತೂಕ ಕಳೆದು. ಗೋಡೆ ಹಿಡಿದು ನಿಲ್ಲುತ್ತಾಳೆ. ಭಾನುವಾರ ಬಂತೆಂದರೆ ಟವೆಲ್ ತೆಗೆದ ಕೂಡಲೇ ತಕ್ಕಡಿಯ ಹತ್ತಿರ ತೆವಳಿಕೊಂಡು ಹೋಗುತ್ತಾಳೆ. ಅದೊಂದು ಆಟ ಅಂದುಕೊಂಡಿದ್ದಾಳೆ.

ನಿನ್ನ ಪತ್ರ ಓದಿ ಎರಡು ದಿನ ಅಂಗಡಿ ತೆಗೆಯಲಿಲ್ಲ. ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಎರಡು ತಿಂಗಳು ಅದೇ ನನ್ನ ಪಾಡು. ಯಾರಾದರೂ ತಕ್ಕಡಿ ಅಂದರೆ ಸಾಕು, ಬೆವರುತ್ತಿದ್ದೆ.

ನಡೆದದ್ದು ಇಷ್ಟು. ಠಾಣೆಯ ಪೇದೆ ಕಾರ್ಡು ಹಿಡಿದುಕೊಂಡು ಆಸ್ಪತ್ರೆಗೇ ಬಂದ. "ಇವತ್ತೇ ಕಡೇ ದಿನ ಯಜಮಾನ್ರೆ, ವರ್ಷಾ ವರ್ಷಾ ನೀವೇ ನೋಡಿರೋ ತಕ್ಕಡಿ, ಒಂದು ಸಹಿ ಹಾಕ್ಬಿಡಿ" ಅಂದ. ಅದೇ ಹೊತ್ತಿಗೆ ಒಳಗಿಂದ ಅಳು ಕೇಳಿಸಿತು. ನಿನ್ನ ಮಗಳ ಮೊದಲ ಅಳು. ಕಾರ್ಡನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿ ಒಳಗೆ ಓಡಿದೆ. ನಲವತ್ತು ವರ್ಷದಲ್ಲಿ ಕಲ್ಲಿಟ್ಟು ನೋಡದೆ ಹಾಕಿದ ಸಹಿ ಅದೊಂದೇ. ಆ ಒಂದರಿಂದಲೇ ನಿನ್ನನ್ನು ಒಳಗೆ ಹಾಕಿದ್ದೇನೆ ಅಂತ ಅನಿಸಿದಾಗ ಎದೆ ಒಡೆಯುತ್ತದೆ.

ಅದಕ್ಕೂ ಹಿಂದಿನ ವರ್ಷ ಅದೇ ತಕ್ಕಡಿ ಕಿಲೋಗೆ ಇಪ್ಪತ್ತನಾಲ್ಕು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಸರಿ ಮಾಡಿ ಬಂದಿದ್ದೆ, ಮುಂದಿನ ಸಲ ತಪ್ಪದೆ ನೋಡಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನೋಡಲಿಲ್ಲ. ಮತ್ತೆ ಹಾಗೇ ಜಾರಿದ್ದರೆ ನಿನ್ನ ಪೊಟ್ಟಣ ಒಂದು ಕಿಲೋ ಒಳಗಿದೆ. ಆಗ ನೀನು ನಿರ್ದೋಷಿಯೋ ಅಲ್ಲವೋ ಅಂತ ಜಡ್ಜ್ ಈಗಲೇ ತೀರ್ಮಾನಿಸಬೇಕಾಗಿಲ್ಲ, ಸಾಮಾನ್ಯ ಕೇಸಿನ ಹಾಗೆ ಜಾಮೀನು ಕೊಡಬಹುದು. ನೀನು ಸುಳ್ಳು ಹೇಳಬೇಕಾಗಿಲ್ಲ. ನಾನು ನಿಜ ಹೇಳಿದರೆ ಸಾಕು.

ಬೇಡ ಅಂದಿದ್ದೀಯ. ನಿನ್ನ ಮಾತು ಕೇಳುವುದಿಲ್ಲ. ನೀನು ನನ್ನ ಮಾತು ಯಾವಾಗ ಕೇಳಿದ್ದೀಯ? ನಿನ್ನೆ ವಕೀಲಮ್ಮನ ಎದುರು ಎಲ್ಲ ಬರೆಸಿ ಸಹಿ ಹಾಕಿದೆ. ಈ ಸಲ ಪ್ರತಿ ಸಾಲೂ ಓದಿ ಹಾಕಿದೆ. ಅವರು ಎಚ್ಚರಿಸಿದರು, "ತಕ್ಕಡಿ ಕಡಿಮೆ ತೋರಿಸ್ತಿದ್ರೆ ಏನ್ಮಾಡ್ತೀರಿ? ನಿಮ್ಮ ಲೈಸೆನ್ಸೂ ಹೋಗುತ್ತೆ, ತೂಕಾನೂ ಏರುತ್ತೆ." ಅದೂ ಆಗಬಹುದು. ತಕ್ಕಡಿ ಯಾರ ಮುಲಾಜೂ ನೋಡುವುದಿಲ್ಲ.

ನಿನ್ನ ಕೈ ಹತ್ತಿರ ಹತ್ತಿರ ಒಂದು ಕಿಲೋ ಅಂದಿತು ಅಂತ ಬರೆದಿದ್ದೀಯ. ಆ ಕಡೆಯೋ, ಈ ಕಡೆಯೋ? ಸರಿಯಾಗಿ ನೆನಪು ಮಾಡಿಕೊಂಡು ಬರೆ.

ಅಪ್ಪ

ಜೂನ್ 29

ಅಪ್ಪಾ,

ನಿನಗೆ ಹುಚ್ಚು.

ಪತ್ರ ಓದಿ ಮುಗಿಸಿದಾಗ ಹೊಲಿಗೆ ಅಕ್ಕ ಎದ್ದು ಹೋಗಿ ನೀರಿಲ್ಲದ ನಲ್ಲಿಯ ಹತ್ತಿರ ನಿಂತುಕೊಂಡಳು. ಅವಳದೂ ಅದೇ ತಕ್ಕಡಿ, ಒಂದು ಕಿಲೋ ಒಂಬತ್ತು ಗ್ರಾಂ. ಆಮೇಲೆ ಬಂದು ಕೇಳಿದಳು, "ಒಂಬತ್ತು ಗ್ರಾಂ ಅಂದ್ರೆ ಎಷ್ಟಿರುತ್ತೆ?" ಅವಳ ಅಂಗೈ ಮೇಲೆ ಒಂದು ಹಿಡಿ ಅಂಗಿ ಗುಂಡಿ ಇಟ್ಟು ತೋರಿಸಿದೆ. ಸರಿಯಿದೆಯೋ ಇಲ್ಲವೋ, ಅವಳು ಅದನ್ನೇ ದಿನವಿಡೀ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

ಒಂಬೈನೂರ ತೊಂಬತ್ತು. ಈ ಕಡೆ. ನನ್ನ ಕೈ ಹಾಗೇ ಹೇಳಿತ್ತು.

ಗುಂಜಿ

ಸೆಪ್ಟೆಂಬರ್ 9

ಗುಂಜಿ,

ಶುಕ್ರವಾರ ಕೋರ್ಟಿನಲ್ಲಿ ಮತ್ತೆ ತೂಗಿದರು. ಬೇರೆ ಊರಿನ ಅಧಿಕಾರಿ ಬಂದಿದ್ದರು, ಅವರದೇ ತಕ್ಕಡಿ, ಅವರದೇ ಕಲ್ಲು. ನನ್ನನ್ನು ನಾಲ್ಕು ಹೆಜ್ಜೆ ದೂರ ನಿಲ್ಲಿಸಿದರು, ಅದೇ ಸರಿ. ಚೆನ್ನಾಗಿ ಕೆಲಸ ಮಾಡಿದರು. ಮೊದಲು ಖಾಲಿ ತಟ್ಟೆ ತೂಗಿದರು, ಫ್ಯಾನ್ ಆರಿಸಿದರು, ಮೂರು ಸಲ ಇಟ್ಟು ಮೂರು ಸಲ ತೆಗೆದರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಒಂದು ಕಿಲೋ ಆರು ಗ್ರಾಂ. ಮೂರು ಸಲವೂ.

ಠಾಣೆಯ ತಕ್ಕಡಿ ಹನ್ನೆರಡು ಗ್ರಾಂ ಹೆಚ್ಚು ತೋರಿಸುತ್ತಿತ್ತು. ನನಗೆ ಹತ್ತೊಂಬತ್ತು ಬೇಕಿತ್ತು. ಜನ್ಮದಲ್ಲಿ ಮೊದಲ ಸಲ ಒಂದು ತಕ್ಕಡಿ ಇನ್ನೂ ಕೆಟ್ಟಿರಬಾರದೇ ಅಂತ ದೇವರಲ್ಲಿ ಕೇಳಿಕೊಂಡವನು ನಾನು. ಆರು ಗ್ರಾಂ ಅಂದರೆ ಒಂದು ಚಮಚ ಸಕ್ಕರೆ ಕಣೇ. ಜಡ್ಜ್, "ಮಿತಿ ಅಂದ್ರೆ ಮಿತಿ, ನನ್ನ ಕೈ ಕಟ್ಟಿದೆ" ಅಂದರು. ಜಾಮೀನು ಇಲ್ಲ.

ಇನ್ನೊಂದು ಮಾತೂ ಹೇಳಿದರು. ಆ ವರ್ಷ ಆ ತಕ್ಕಡಿಯಲ್ಲಿ ತೂಗಿದ ಎಲ್ಲ ಕೇಸುಗಳ ಸರಕನ್ನೂ ಮತ್ತೆ ತೂಗಬೇಕು ಅಂತ ಆದೇಶ. ಒಟ್ಟು ಒಂಬತ್ತು ಕೇಸು. ನಿನ್ನ ಹೊಲಿಗೆ ಅಕ್ಕನದೂ ಅದರಲ್ಲಿದೆ. ಒಂಬತ್ತು ಗ್ರಾಂ ಅಲ್ಲವೇ ಅವಳದು? ಅವಳಿಗೆ ಹೇಳು.

ನನ್ನ ಲೈಸೆನ್ಸ್ ರದ್ದಾಗಿದೆ. ಅಂಗಡಿಯ ತಕ್ಕಡಿಗಳನ್ನೂ ಮುದ್ರೆಯ ಅಚ್ಚುಗಳನ್ನೂ ಇಲಾಖೆಯವರು ತೆಗೆದುಕೊಂಡು ಹೋದರು. ಊಟಕ್ಕೆ ತೊಂದರೆಯಿಲ್ಲ, ಬೀಗ ರಿಪೇರಿ ಶುರು ಮಾಡಿದ್ದೇನೆ. ಬೀಗ ಒಳ್ಳೆಯದು, ತೆರೆಯುತ್ತದೆ ಇಲ್ಲವೇ ತೆರೆಯುವುದಿಲ್ಲ, ಅದರಲ್ಲಿ ಗ್ರಾಂ ಇಲ್ಲ. ಆದರೆ ಇನ್ನು ಭಾನುವಾರದ ತೂಕ ಬರೆಯಲಾರೆ. ಕ್ಷಮಿಸು ಮಗಳೇ.

ಅಪ್ಪ

ಅಕ್ಟೋಬರ್ 17

ಅಪ್ಪಾ,

ಈ ಪತ್ರ ತಂದವಳು ಯಾರು ಅಂತ ಹೇಳಬೇಕಾಗಿಲ್ಲ. ಒಂಬೈನೂರ ತೊಂಬತ್ತೇಳು ಗ್ರಾಂ. ನಿನ್ನೆ ಜಾಮೀನಾಯಿತು, ಇವತ್ತು ಬೆಳಿಗ್ಗೆ ಹೊರಡುತ್ತಿದ್ದಾಳೆ. ರಾತ್ರಿಯಿಡೀ ಅತ್ತಿದ್ದಾಳೆ. "ನಿನ್ನ ಪಾಲಿಂದು ನಾನು ತಗೊಂಡು ಹೋಗ್ತಿದ್ದೀನಿ" ಅಂತ. ಪಾಲು ಯಾರಪ್ಪನ ಮನೆಯದು, ಸುಮ್ಮನೆ ಹೋಗು, ನಿನ್ನ ಮಕ್ಕಳು ಕಾಯುತ್ತಿವೆ ಅಂದೆ. ಅಂದೆ ಅಷ್ಟೇ. ನನಗೂ ಹೊಟ್ಟೆ ಉರಿಯಿತು, ನಿನಗೆ ಸುಳ್ಳು ಹೇಳುವುದಿಲ್ಲ.

ನನ್ನ ಕೈ ತಪ್ಪಿತ್ತು. ಅಲ್ಲ, ಕೈ ತಪ್ಪಲಿಲ್ಲ, ನಾನೇ ಅದರಿಂದ ಸುಳ್ಳು ಹೇಳಿಸಿದೆ. ಬೇಕಾದದ್ದನ್ನೇ ತೂಗಿದೆ. ಅವನ ವಿಷಯದಲ್ಲೂ ಹಾಗೇ ಮಾಡಿದೆ.

ವಕೀಲಮ್ಮ ಹೊಸ ಅರ್ಜಿ ತಂದಿದ್ದರು, ಮೇಲಿನ ಕೋರ್ಟಿಗೆ. ಅದರಲ್ಲೂ ಮೂರನೇ ಸಾಲು ಅದೇ: ನನಗೇನೂ ಗೊತ್ತಿರಲಿಲ್ಲ. ಪೆನ್ನು ತೆಗೆದುಕೊಂಡು ಆ ಸಾಲು ಹೊಡೆದು ಹಾಕಿದೆ. ಅವನ ಹೆಸರು ಬರೆಸಿದೆ, ನನಗೆ ಅನುಮಾನವಿತ್ತು ಅಂತಲೂ ಬರೆಸಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಈ ಸಾಲು ಹೋದ್ರೆ ವಿಚಾರಣೆ ಮುಗಿಯೋವರೆಗೂ ಜಾಮೀನು ಮರೆತುಬಿಡು. ಎರಡು ವರ್ಷ, ಮೂರು ವರ್ಷ, ಹೇಳೋಕಾಗಲ್ಲ" ಅಂದರು. ಮಗು ನನ್ನನ್ನು ಗುರುತು ಹಿಡಿಯದೇ ಹೋಗುತ್ತಾಳೆ ಅಂತ ಹೆದರಿಕೆಯಿದೆ ಅಪ್ಪಾ. ಬಹಳ ಹೆದರಿಕೆಯಿದೆ. ಆದರೂ ಸಹಿ ಹಾಕಿದೆ. ನೀನು ಲೈಸೆನ್ಸ್ ಕೊಟ್ಟು ನಿನ್ನ ಸಹಿ ವಾಪಸ್ ತೆಗೆದುಕೊಂಡೆ. ನಾನು ಇನ್ನೊಂದು ಸುಳ್ಳು ಸಹಿ ಹಾಕಿ ಹೊರಗೆ ಬಂದು ನಿನ್ನ ಮುಖ ಹೇಗೆ ನೋಡಲಿ?

ಒಂದು ಕೆಲಸ ಮಾಡು. ಅಕ್ಕನ ಕೈಗೆ ಮಗುವನ್ನು ಕೊಡು, ಟವೆಲ್ ತೆಗೆದು. ಒಂದು ತಿಂಗಳಿನಿಂದ ಅವಳಿಗೆ ಕಲಿಸಿದ್ದೇನೆ. ನೀರಿನ ಬಕೆಟ್ಟು, ಒದ್ದೆ ಹೊದಿಕೆ, ಅಕ್ಕಿ ಚೀಲ, ಕಣ್ಣು ಮುಚ್ಚಿಸಿ ಎಲ್ಲ ಎತ್ತಿಸಿದ್ದೇನೆ. ನನಗಿಂತ ಚೆನ್ನಾಗಿ ಹೇಳುತ್ತಾಳೆ. ಅವಳು ಹೇಳಿದ್ದನ್ನು ಬರೆದು ಕಳಿಸು.

ಗುಂಜಿ

ಅಕ್ಟೋಬರ್ 20

ಗುಂಜಿ,

ಬಂದಿದ್ದಳು. ಮೂರು ಮಕ್ಕಳನ್ನೂ ಕರೆದುಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು ಒಳಗೆ ಬರಲು ಹಿಂಜರಿದಳು. "ನಿಮ್ಮ ಮಗಳು ಬರಬೇಕಾಗಿತ್ತು, ನಾನು ಬಂದುಬಿಟ್ಟೆ" ಅಂದಳು. ಒಳಗೆ ಬಾ ತಾಯಿ ಅಂದೆ.

ಹೊಸಬರು ಎತ್ತಿಕೊಂಡರೆ ಊರು ಒಂದು ಮಾಡುವ ಮಗು, ಅವಳ ಕೈಯಲ್ಲಿ ತೆಪ್ಪಗಿತ್ತು. ಅವಳು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಿಡಿದಿದ್ದಳು, ತೂಕಕ್ಕೆ ಅಷ್ಟು ಹೊತ್ತು ಬೇಕಾಗಿರಲಿಲ್ಲ. "ಒಂಬತ್ತು ಕಿಲೋ ಮುನ್ನೂರು" ಅಂದಳು. ನಾನೂ ಅಷ್ಟೇ ಅಂದುಕೊಂಡಿದ್ದೆ.

ಹೊಡೆದು ಹಾಕಿದ ಸಾಲಿನ ಬಗ್ಗೆ ಏನು ಬರೆಯಲಿ. ನೀನು ಹಾಗೆ ಮಾಡಬಾರದಿತ್ತು ಅಂತ ಹೇಳಲು ನನಗೆ ಬಾಯಿಲ್ಲ. ಒಳ್ಳೆಯದು ಮಾಡಿದೆ ಅಂತ ಹೇಳಲು ಎದೆಯಿಲ್ಲ. ಅಳು ಬಂತು, ಅತ್ತೆ. ನನಗೆ ಅರವತ್ತಾರು, ಕಾಯುತ್ತೇನೆ.

ಇವತ್ತು ಭಾನುವಾರ. ತಕ್ಕಡಿಯಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಬಿಳಿಚಿಕೊಂಡ ಚೌಕ ಉಳಿದಿದೆ. ಬೆಳಿಗ್ಗೆ ನಾನು ಒಗೆದ ಟವೆಲ್ ಒಣಹಾಕಲು ಕೊಡವುತ್ತಿದ್ದೆ. ಅರೆಗುಂಜಿ ನೋಡಿದಳು. ತಟಪಟ ಹೆಜ್ಜೆ ಹಾಕಿಕೊಂಡು ಹೋಗಿ ಆ ಚೌಕದ ನಡುವೆ ಕುಳಿತು, ಅಲುಗಾಡದೆ, ನಾನು ಎಷ್ಟು ಅಂತ ಹೇಳುವುದನ್ನು ಕಾಯತೊಡಗಿದಳು. ಬಗ್ಗಿ ಎತ್ತಿಕೊಂಡೆ.

ಒಂಬತ್ತು ಕಿಲೋ ಮುನ್ನೂರ ಐವತ್ತು. ಆರು ಗ್ರಾಂ ಆಚೀಚೆ ಇರಬಹುದು.

ನಿನ್ನ ಅಪ್ಪ